ಕರುಮತ್ತಂಪಟ್ಟಿಯ ಬಿಷಪರು

ಹಸಿದವನಿಗೆ ಹಿಡಿ ಅನ್ನ ಕೊಡುವುದು ದಯೆ. ಅವನನ್ನು ನಮ್ಮದೇ ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ. ಈ ಕಷ್ಟವನ್ನು ಕಂಡುಂಡ ಒಬ್ಬ ಹಿರಿಯರನ್ನು ಇಂದು ಸ್ಮರಿಸೋಣ.

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ದಾರಿಯಲ್ಲಿ, ಇಂದಿನ ತಿರುಪ್ಪೂರು ಜಿಲ್ಲೆಯ ಗಡಿಗೆ ಸಮೀಪ, ಕರುಮತ್ತಂಪಟ್ಟಿ ಎಂಬ ಊರಿದೆ. 1956ರ ತನಕ ಕನ್ನಡದ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದನ್ನು ಗಡಿನಾಡಿನ ನಾವು ಬಲ್ಲೆವು. 1846ರ ಅಕ್ಟೋಬರ್ 4ರಂದು ಈ ಕರುಮತ್ತಂಪಟ್ಟಿಯಲ್ಲಿ ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಯಾಕ್ ಎಂಬ ಫ್ರೆಂಚ್ ಧರ್ಮಗುರುಗಳಿಗೆ ಬಿಷಪ್ ದೀಕ್ಷೆಯಾಯಿತು. 1813ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಹುಟ್ಟಿದ ಅವರು 1842ರಲ್ಲಿ ಪಾಂಡಿಚೇರಿಗೆ ಬಂದು, ಅಲ್ಲಿನ ಗುರುಮಠದ ಮುಖ್ಯಸ್ಥರಾಗಿದ್ದವರು.

ಅಂದಿನ ತಮಿಳುನಾಡಿನ ಕ್ರೈಸ್ತರು ಜಾತಿಯನ್ನು ಹೊಸ್ತಿಲಾಚೆ ಬಿಟ್ಟು ಇಗರ್ಜಿಯೊಳಗೆ ಬರುತ್ತಿರಲಿಲ್ಲ. ಕೀಳೆನಿಸಿಕೊಂಡವರಿಗೆ ಬೇರೆ ಜಾಗ, ಕೆಲವೆಡೆ ನಡುವೆ ಗೋಡೆ. ಅಂಥವರ ಮನೆಯಲ್ಲಿ ಕಾಯಿಲೆಯಾದರೆ ಗುರುಗಳು ಅಲ್ಲಿಗೂ ಹೋಗಬೇಕೆಂದು ಪೋಪ್ 14ನೆಯ ಬೆನೆಡಿಕ್ಟರು 1744ರಲ್ಲೇ ಕಟ್ಟಪ್ಪಣೆ ಮಾಡಿದ್ದರು. ಅದನ್ನು ಪಾಲಿಸುವೆವೆಂದು ಗುರುಗಳೆಲ್ಲ ಪ್ರಮಾಣ ಮಾಡಬೇಕಿತ್ತು. ನಡೆಯುತ್ತಿದ್ದುದೇ ಬೇರೆ.

ಬ್ರೆಸಿಯಾಕರು ನಮ್ಮ ದೇಶಾಚಾರಗಳನ್ನು ಹಳಿಯುವ ಆತುರಗಾರರಲ್ಲ. ಆದರೆ ಪ್ರಮಾಣ ಒಂದು, ನಡೆ ಇನ್ನೊಂದು ಎಂಬುದು ಅವರ ಮನಸ್ಸಾಕ್ಷಿಗೆ ಒಗ್ಗಲಿಲ್ಲ. ಪಕ್ಷಪಾತದ ಇನ್ನೊಂದು ಮುಖವೂ ಅವರಿಗೆ ಕಂಡಿತ್ತು. ಭಾರತೀಯ ಗುರುಗಳು ಯೂರೋಪಿನವರ ಕೈಕೆಳಗೇ ಇರಬೇಕೆಂಬ ಭಾವನೆಯನ್ನು ಅವರು ಒಪ್ಪಲಿಲ್ಲ. ಇಲ್ಲಿನ ಮಕ್ಕಳನ್ನೇ ತಯಾರು ಮಾಡಿ ಇಲ್ಲಿನ ಸಭೆಯನ್ನು ಅವರ ಕೈಗೆ ಒಪ್ಪಿಸಬೇಕೆಂಬುದು ಅವರ ಹಂಬಲ. ಜೊತೆಗಾರರಲ್ಲಿ ಅನೇಕರು ಇದಕ್ಕೆ ಒಪ್ಪಲಿಲ್ಲ. ಆಚಾರಗಳ ಪ್ರಶ್ನೆಗೆ ರೋಮಿನಿಂದಲೂ ಸ್ಪಷ್ಟ ಉತ್ತರ ದೊರೆಯಲಿಲ್ಲ. ಕೊನೆಗೆ ಅವರು ಕೊಟ್ಟ ರಾಜೀನಾಮೆ 1855ರಲ್ಲಿ ಅಂಗೀಕಾರವಾಯಿತು.

ಪದವಿ ಹೋಯಿತು, ಸೇವೆ ನಿಲ್ಲಲಿಲ್ಲ. 1856ರಲ್ಲಿ ಲಿಯೋನ್ ನಗರದಲ್ಲಿ ಆಫ್ರಿಕದ ಸೇವೆಗಾಗಿ ಒಂದು ಸಂಸ್ಥೆ ಕಟ್ಟಿದರು. 1859ರ ಮೇ 14ರಂದು ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಇಳಿದರು. ಊರಿಗೆ ಹಳದಿ ಜ್ವರ ಬಡಿದಿತ್ತು. ಆರೇ ವಾರಗಳಲ್ಲಿ, ಜೂನ್ 25ರಂದು, ತೀರಿಕೊಂಡರು. ಆಗ ಅವರಿಗೆ 45 ವರ್ಷ. 2020ರಲ್ಲಿ ಕಥೋಲಿಕ ಸಭೆ ಅವರನ್ನು ಪೂಜ್ಯರೆಂದು ಸಾರಿತು. ಅವರು ಕಟ್ಟಿದ ಸಂಸ್ಥೆಯಲ್ಲಿ ಇಂದು ಭಾರತೀಯ ಗುರುಗಳೂ ಇದ್ದಾರೆ.

ಕೊಯಮತ್ತೂರಿನಲ್ಲಿ ಅವರು ಗೆದ್ದರೆಂದು ಹೇಳಲಾರೆವು. ಆದರೆ ದಾನ ಕೊಟ್ಟು ಕೈತೊಳೆದುಕೊಳ್ಳುವ ನಾವು, ಮನೆಯ ಜಗಲಿಯಲ್ಲಿ ಯಾರನ್ನು ಎಲ್ಲಿ ಕೂರಿಸುತ್ತೇವೆಂದು ಒಮ್ಮೆ ನೋಡಿಕೊಂಡರೆ, ಅವರನ್ನು ನೆನೆದುದು ಸಾರ್ಥಕ.