ತರಂಗಗಳಿಗೆ ಜಿಗಿತ ಕಲಿಸಿದ ತಾರೆ ಹೆಡಿ ಲಮಾರ್

ಮನೆಯ ವೈ-ಫೈ ರೂಟರ್‌ನ ಸುಧಾರಿತ ಸೆಟ್ಟಿಂಗ್‌ಗಳಲ್ಲಿ ‘ಚಾನೆಲ್’ ಎಂಬ ಆಯ್ಕೆಯೊಂದಿರುತ್ತದೆ. ನೆರೆಮನೆಗಳ ರೂಟರ್‌ಗಳೆಲ್ಲ ಒಂದೇ ಚಾನೆಲ್‌ಗೆ ಮುಗಿಬಿದ್ದಾಗ ಸಂಪರ್ಕ ಕುಂಟುತ್ತದೆ. ಬೇರೊಂದಕ್ಕೆ ಸರಿದರೆ ಸುಧಾರಿಸುತ್ತದೆ. ಒಂದು ತರಂಗಾಂತರದಲ್ಲಿ ಅಡ್ಡಿ ಎದುರಾದರೂ ಸಂದೇಶ ಕೆಡದಂತೆ ನೋಡಿಕೊಳ್ಳುವುದು ಹೇಗೆಂಬ ಪ್ರಶ್ನೆ ಎರಡನೇ ಮಹಾಯುದ್ಧದ ಕಾಲದಲ್ಲಿ ಹಾಲಿವುಡ್‌ನ ಚಿತ್ರತಾರೆಯೊಬ್ಬಳನ್ನೂ ಕಾಡಿತ್ತು. ಆಕೆಯೇ ಹೆಡಿ ಲಮಾರ್.

1914ರ ನವೆಂಬರ್ 9ರಂದು ವಿಯೆನ್ನಾದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಆಕೆಯ ಮೂಲ ಹೆಸರು ಹೆಡ್ವಿಗ್ ಕೀಸ್ಲರ್. ತಂದೆ ಬ್ಯಾಂಕ್ ಅಧಿಕಾರಿ, ತಾಯಿ ಪಿಯಾನೊ ವಾದಕಿ. 1933ರಲ್ಲಿ ಶಸ್ತ್ರಾಸ್ತ್ರ ತಯಾರಕ ಫ್ರಿಟ್ಸ್ ಮಾಂಡ್ಲ್‌ನನ್ನು ವರಿಸಿದಳು. ಪತಿಯ ಮನೆಯಲ್ಲಿ ಆಯುಧಗಳ ಕುರಿತ ಚರ್ಚೆ ಆಕೆಯ ಕಿವಿಗೆ ಬೀಳುತ್ತಿತ್ತು. ಉಸಿರುಗಟ್ಟಿಸಿದ ಆ ದಾಂಪತ್ಯವನ್ನು 1937ರಲ್ಲಿ ತೊರೆದು ಲಂಡನ್ ಮಾರ್ಗವಾಗಿ ಅಮೆರಿಕ ಸೇರಿದಳು. 1938ರ ‘ಅಲ್ಜಿಯರ್ಸ್’ ಚಿತ್ರ ಆಕೆಯನ್ನು ತಾರೆಯಾಗಿಸಿತು.

ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದ ದಿನಗಳವು. ರೇಡಿಯೊ ಸಂಕೇತದಿಂದ ಟಾರ್ಪಿಡೊವನ್ನು ನಡೆಸಬಹುದಾದರೂ ಶತ್ರುವು ಅದೇ ತರಂಗಾಂತರದಲ್ಲಿ ಗದ್ದಲವೆಬ್ಬಿಸಿದರೆ ಅದು ದಾರಿ ತಪ್ಪುತ್ತಿತ್ತು. ಸಂಕೇತವನ್ನು ಒಂದೆಡೆ ನಿಲ್ಲಗೊಡದೆ ಕ್ಷಣಕ್ಷಣಕ್ಕೂ ತರಂಗಾಂತರ ಬದಲಿಸುವ ಉಪಾಯವನ್ನು ಹೆಡಿ, ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಜತೆಗೂಡಿ ರೂಪಿಸಿದಳು. ತಾನೇ ನುಡಿಯುವ ಪಿಯಾನೊದಲ್ಲಿರುವಂಥ ರಂಧ್ರಗಳ ಕಾಗದದ ಸುರುಳಿಗಳು ಹಡಗಿನಲ್ಲೂ ಟಾರ್ಪಿಡೊದಲ್ಲೂ ಏಕಕಾಲಕ್ಕೆ ಸುತ್ತಬೇಕು; ಪಿಯಾನೊದ ಕೀಲಿಗಳಷ್ಟೇ, ಅಂದರೆ 88 ತರಂಗಾಂತರಗಳ ನಡುವೆ ಸಂಕೇತ ಜಿಗಿಯಬೇಕು. 1942ರ ಆಗಸ್ಟ್ 11ರಂದು ಇದಕ್ಕೆ ಪೇಟೆಂಟ್ ದೊರೆಯಿತು.

ಆದರೆ ಅಮೆರಿಕದ ನೌಕಾಪಡೆ ಯುದ್ಧಕಾಲದಲ್ಲಿ ಈ ವಿಧಾನವನ್ನು ಬಳಸಲಿಲ್ಲ. ಹೆಡಿ ಯುದ್ಧನಿಧಿಯ ಬಾಂಡ್ ಮಾರಾಟಕ್ಕೆ ತನ್ನ ಜನಪ್ರಿಯತೆಯನ್ನು ಧಾರೆಯೆರೆದಳು. ಆಕೆಯ ಚೆಲುವನ್ನು ಮೆಚ್ಚಿದ ಜಗತ್ತು ಬುದ್ಧಿಯನ್ನು ಗಮನಿಸಲಿಲ್ಲ. 1959ರಲ್ಲಿ ಪೇಟೆಂಟ್‌ನ ಅವಧಿ ಮುಗಿಯಿತು. ಅದೇ ವರ್ಷ ಆಂಥೈಲ್ ನಿಧನರಾದರು. ಪೇಟೆಂಟ್‌ನಿಂದ ಇಬ್ಬರಿಗೂ ಬಿಡಿಗಾಸೂ ದಕ್ಕಲಿಲ್ಲ.

ಆಕೆಯನ್ನು ವೈ-ಫೈನ ಜನನಿ ಎಂದು ಬಣ್ಣಿಸುವುದುಂಟು. ಅದು ಅತಿಶಯೋಕ್ತಿ. 1997ರ ಮೊದಲ ವೈ-ಫೈ ಮಾನದಂಡದಲ್ಲಿ ತರಂಗಾಂತರ ಜಿಗಿತವೂ ಒಂದು ವಿಧಾನವಾಗಿತ್ತಾದರೂ ಮುಂದೆ ಬೇರೆ ತಂತ್ರಗಳು ನೆಲೆಯೂರಿದವು. ಜಿಗಿತ ಇಂದಿಗೂ ಜೀವಂತವಾಗಿರುವುದು ಬ್ಲೂಟೂತ್‌ನಲ್ಲಿ; ಅಲ್ಲಿ ಸಂಕೇತವು ಸೆಕೆಂಡಿಗೆ 1,600 ಬಾರಿವರೆಗೆ ಸ್ಥಾನ ಬದಲಿಸಬಲ್ಲದು. ಈಗಿನ ರೂಟರ್ ಹಾಗೆ ಜಿಗಿಯದೆ ಒಂದು ಚಾನೆಲ್‌ನಲ್ಲೇ ಬೀಡುಬಿಡುತ್ತದೆ. ಆದ್ದರಿಂದಲೇ ಚಾನೆಲ್‌ನ ಆಯ್ಕೆಗೆ ಇಷ್ಟು ಮಹತ್ವ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6 ಮತ್ತು 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ; ಅಗಲವನ್ನು 20 ಮೆಗಾಹರ್ಟ್ಸ್‌ಗೆ ಸೀಮಿತಗೊಳಿಸಿ ಇವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸುವುದು ಲೇಸು.

ಮನ್ನಣೆ ದೊರೆತದ್ದು ಮುಪ್ಪಿನಲ್ಲಿ. 1997ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಹೆಡಿ ಹಾಗೂ ಆಂಥೈಲ್ ಇಬ್ಬರನ್ನೂ ಗೌರವಿಸಿತು. 2000ದ ಜನವರಿ 19ರಂದು ಫ್ಲಾರಿಡಾದಲ್ಲಿ ಹೆಡಿ ಕೊನೆಯುಸಿರೆಳೆದಳು. ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿದ್ದು ಆಕೆ ಅಗಲಿದ 14 ವರ್ಷಗಳ ನಂತರ, 2014ರಲ್ಲಿ.