ಹುಲ್ಲುಗಾವಲಿನ ಕಾವಲುಗಾರ

ಉಕ್ರೇನ್ ದೇಶದ ದಕ್ಷಿಣ ಭಾಗದಲ್ಲಿ, ಕಪ್ಪುಸಮುದ್ರಕ್ಕೆ ಬಹಳ ದೂರವಲ್ಲದ ಬಯಲಿನಲ್ಲಿ, ಅಸ್ಕಾನಿಯ ನೋವ ಎಂಬ ಊರಿದೆ. ಅದರ ಸುತ್ತ ಕಣ್ಣು ಹಾಯುವವರೆಗೂ ಸ್ಟೆಪ್ಪಿ ಎಂದು ಹೆಸರಾದ ಹುಲ್ಲುಗಾವಲು ಹಬ್ಬಿದೆ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ವಸಂತದಲ್ಲಿ ಬಣ್ಣಬಣ್ಣದ ಹೂಗಳು ಅರಳುತ್ತವೆ. ಅನಂತರ ಬೆಳ್ಳಿಯ ಎಳೆಗಳಂಥ ತೆನೆಗಳನ್ನು ಹೊತ್ತ ಹುಲ್ಲು ಗಾಳಿಗೆ ಅಲೆಅಲೆಯಾಗಿ ತೂಗುತ್ತದೆ. ಈ ನೆಲದ ಸಾವಿರಾರು ಹೆಕ್ಟೇರುಗಳನ್ನು ನೇಗಿಲು ಎಂದೂ ಸೋಕಿಲ್ಲ. ಈ ಸೌಭಾಗ್ಯಕ್ಕೆ ಮೂಲಪುರುಷನು ಫ್ರೆಡ್ರಿಕ್ ಫಾಲ್ಟ್ಸ್-ಫೈನ್.

ಫ್ರೆಡ್ರಿಕ್ 1863ರಲ್ಲಿ ಜನಿಸಿದನು. ಅವನ ಪೂರ್ವಿಕರು ಜರ್ಮನಿಯಿಂದ ಬಂದು ರಷ್ಯಾ ಸಾಮ್ರಾಜ್ಯದಲ್ಲಿ ನೆಲೆಸಿದವರು. ಅಸ್ಕಾನಿಯ ನೋವ ಜಹಗೀರನ್ನು ಆ ಮನೆತನ 1856ರಲ್ಲಿ ಕೊಂಡುಕೊಂಡಿತ್ತು. ಕುರಿಸಾಕಣೆಯಿಂದ ಅವರಿಗೆ ಅಪಾರ ಸಂಪತ್ತು ಒದಗಿತ್ತು. ಆದರೆ ಬಾಲಕ ಫ್ರೆಡ್ರಿಕ್‌ನ ಮನಸ್ಸು ಉಣ್ಣೆಯ ಲೆಕ್ಕಕ್ಕಿಂತ ಹಕ್ಕಿಗಳ ಹಾರಾಟದಲ್ಲಿಯೇ ನೆಟ್ಟಿತ್ತು. 1874ರಲ್ಲಿ, ಅವನಿನ್ನೂ ಹನ್ನೊಂದು ವರ್ಷದವನಾಗಿದ್ದಾಗ, ಕಾಡುಪ್ರಾಣಿಗಳಿಗಾಗಿ ಮೊದಲ ಆವರಣ ಅಲ್ಲಿ ಸಿದ್ಧವಾಯಿತು. ಮುಂದೆ ದೋರ್ಪಾತ್ ವಿಶ್ವವಿದ್ಯಾನಿಲಯದಲ್ಲಿ ಅವನು ನಿಸರ್ಗವಿಜ್ಞಾನವನ್ನು ಅಭ್ಯಾಸ ಮಾಡಿದನು.

ವಿದ್ಯೆ ಮುಗಿಸಿ ಬಂದ ಫ್ರೆಡ್ರಿಕ್‌ನಿಗೆ ಒಂದು ಚಿಂತೆ ಕಾಡತೊಡಗಿತು. ಸುತ್ತಲಿನ ಭೂಮಾಲೀಕರು ಗೋಧಿಯ ಲಾಭಕ್ಕಾಗಿ ಹುಲ್ಲುಗಾವಲನ್ನು ಉಳುತ್ತಲೇ ಹೋಗುತ್ತಿದ್ದರು. ಉತ್ತ ನೆಲದಲ್ಲಿ ಗೋಧಿ ಬೆಳೆಯುವುದು ನಿಜ. ಆದರೆ ಆ ಹುಲ್ಲನ್ನೇ ನಂಬಿದ ಹಕ್ಕಿಗಳಿಗೂ ಪ್ರಾಣಿಗಳಿಗೂ ಬೇರೆ ಆಶ್ರಯವಿರಲಿಲ್ಲ. ಒಮ್ಮೆ ಕಳೆದುಕೊಂಡ ಸ್ಟೆಪ್ಪಿಯನ್ನು ಮರಳಿ ಪಡೆಯಲು ಒಬ್ಬ ಮನುಷ್ಯನ ಆಯುಷ್ಯವೂ ಸಾಲದು. ಆದುದರಿಂದ 1898ರಲ್ಲಿ ಅವನು ತನ್ನ ಜಮೀನಿನ ಒಂದು ಭಾಗವನ್ನು ಉಳುಮೆಯಿಂದಲೂ ಮೇವಿನಿಂದಲೂ ಮುಕ್ತಗೊಳಿಸಿ ಕಾಯ್ದಿರಿಸಿದನು. ತನ್ನದೇ ಆದ ಫಲವತ್ತಾದ ನೆಲವನ್ನು ಹುಲ್ಲಿಗಾಗಿಯೇ ಬಿಟ್ಟುಕೊಡುವುದು ಆ ಕಾಲಕ್ಕೆ ಅಪೂರ್ವವಾದ ನಡೆಯಾಗಿತ್ತು.

ಇದೇ ಸಮಯದಲ್ಲಿ ಅವನ ಗಮನ ದೂರದ ಮಂಗೋಲಿಯದ ಕಾಡುಕುದುರೆಯ ಕಡೆಗೆ ಹರಿಯಿತು. ರಷ್ಯಾದ ಪ್ರವಾಸಿ ಪ್ರಜೆವಾಲ್ಸ್ಕಿ ತಂದ ತೊಗಲು ಮತ್ತು ತಲೆಬುರುಡೆಯ ಆಧಾರದಿಂದ ವಿಜ್ಞಾನಿಗಳು 1881ರಲ್ಲಿ ಈ ಪ್ರಾಣಿಯನ್ನು ವರ್ಣಿಸಿ, ಅದಕ್ಕೆ ಆ ಪ್ರವಾಸಿಯ ಹೆಸರನ್ನೇ ಇಟ್ಟಿದ್ದರು. ಮಂಗೋಲಿಯದ ಜನ ಇದನ್ನು ತಾಖಿ ಎನ್ನುತ್ತಾರೆ. ಗಿಡ್ಡವಾದ ಗಟ್ಟಿ ಮೈಕಟ್ಟು, ಹಳದಿ ಬೆರೆತ ಕಂದು ಬಣ್ಣ, ಬಿಳಿಚಿದ ಮೂತಿ, ಕುತ್ತಿಗೆಯ ಮೇಲೆ ನೆಟ್ಟಗೆ ನಿಂತ ಕೂದಲು, ಇವು ಇದರ ಲಕ್ಷಣಗಳು. ಇದನ್ನು ಜೀವಂತವಾಗಿ ತರಿಸಬೇಕೆಂದು ಫ್ರೆಡ್ರಿಕ್ ಸಂಕಲ್ಪಿಸಿದನು. ಕೆಲಸ ಸುಲಭದ್ದಾಗಿರಲಿಲ್ಲ. ಬೆಳೆದ ಕುದುರೆಗಳು ಗಾಳಿಯಂತೆ ಓಡಿ ತಪ್ಪಿಸಿಕೊಳ್ಳುತ್ತಿದ್ದವು. ಹಿಂದೆ ಉಳಿದ ಎಳೆಯ ಮರಿಗಳು ಮಾತ್ರ ಕೈಗೆ ಸಿಗುತ್ತಿದ್ದವು. ಮೊದಲು ಹಿಡಿದ ಮರಿಗಳು ಬದುಕಲಿಲ್ಲ. ಅನಂತರ ಸಾಕು ಹೆಣ್ಣುಕುದುರೆಗಳ ಹಾಲನ್ನು ಕುಡಿಸಿ ಮರಿಗಳನ್ನು ಸಲಹಲಾಯಿತು. ಹೀಗೆ ಬದುಕುಳಿದ ಕೆಲವು ಮರಿಗಳು ದೀರ್ಘ ಪ್ರಯಾಣ ಮಾಡಿ 1899ರಲ್ಲಿ ಅಸ್ಕಾನಿಯವನ್ನು ಸೇರಿದವು.

ಕಾಡುಕುದುರೆಗಳನ್ನೂ, ಜೀಬ್ರಾಗಳನ್ನೂ, ಆಫ್ರಿಕದ ಇಲಾಂಡ್ ಎಂಬ ದೊಡ್ಡ ಜಿಂಕೆಗಳನ್ನೂ ಒಂದೇ ಬಯಲಿನಲ್ಲಿ ಕಾಣಲು ದೂರದೇಶಗಳಿಂದ ವಿದ್ವಾಂಸರು ಬರತೊಡಗಿದರು. 1914ರಲ್ಲಿ ಚಕ್ರವರ್ತಿ ಎರಡನೆಯ ನಿಕೊಲಸನೇ ಅಲ್ಲಿಗೆ ಭೇಟಿ ನೀಡಿ, ಫ್ರೆಡ್ರಿಕ್‌ನ ಮನೆತನಕ್ಕೆ ಕುಲೀನ ಪದವಿಯನ್ನು ದಯಪಾಲಿಸಿದನು.

ಆದರೆ ವೈಭವದ ದಿನಗಳು ಬಹುಕಾಲ ಉಳಿಯಲಿಲ್ಲ. 1917ರಲ್ಲಿ ಕ್ರಾಂತಿ ಸಂಭವಿಸಿತು. ಪ್ರಜೆವಾಲ್ಸ್ಕಿಯ ಶಿಷ್ಯನಾದ ಕೊಜ್ಲೋವ್ ಅಸ್ಕಾನಿಯಕ್ಕೆ ಬಂದು ಅದರ ರಕ್ಷಣೆಗೆ ಶ್ರಮಿಸಿದನು. ಫ್ರೆಡ್ರಿಕ್ ಎಲ್ಲವನ್ನೂ ತೊರೆದು ಜರ್ಮನಿಗೆ ಹೋಗಬೇಕಾಯಿತು. ಊರು ಬಿಡಲೊಪ್ಪದೆ ಉಳಿದ ಅವನ ವೃದ್ಧ ತಾಯಿ 1919ರಲ್ಲಿ ಗುಂಡಿಗೆ ಬಲಿಯಾದಳು. ಮರುವರ್ಷ, 1920ರಲ್ಲಿ, ಪರಸ್ಥಳದಲ್ಲಿಯೇ ಫ್ರೆಡ್ರಿಕ್ ಕಣ್ಣು ಮುಚ್ಚಿದನು. ತನ್ನ ಹುಲ್ಲುಗಾವಲನ್ನು ಮತ್ತೆ ನೋಡುವ ಭಾಗ್ಯ ಅವನಿಗೆ ಲಭಿಸಲಿಲ್ಲ.

ಒಡೆಯನು ಅಳಿದರೂ ಅವನ ಕಾರ್ಯ ಅಳಿಯಲಿಲ್ಲ. 1921ರಲ್ಲಿ ಹೊಸ ಸರಕಾರವು ಅಸ್ಕಾನಿಯವನ್ನು ರಾಜ್ಯದ ರಕ್ಷಿತ ಪ್ರದೇಶವನ್ನಾಗಿ ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ಕಾಡುಕುದುರೆಗಳು ನಾಶವಾದವು. ಆದರೆ 1947ರಲ್ಲಿ ಮಂಗೋಲಿಯದಲ್ಲಿ ಸೆರೆಸಿಕ್ಕ ಒಂದು ಹೆಣ್ಣುಮರಿಯನ್ನು 1957ರಲ್ಲಿ ಇಲ್ಲಿಗೆ ತಂದುದರಿಂದ ಸಂತತಿಗೆ ಹೊಸ ರಕ್ತ ದೊರೆಯಿತು. 1969ರ ಅನಂತರ ಮಂಗೋಲಿಯದ ಬಯಲಿನಲ್ಲಿ ಒಂದು ಕಾಡುಕುದುರೆಯೂ ಕಾಣಿಸಲಿಲ್ಲ. ಆಗ ಆ ಕುಲವೆಲ್ಲ ಮನುಷ್ಯನ ಆರೈಕೆಯಲ್ಲಿ ಮಾತ್ರ ಉಳಿದಿತ್ತು. ಕೊನೆಗೆ 1992ರಲ್ಲಿ ಅಸ್ಕಾನಿಯದಲ್ಲಿ ಬೆಳೆದ ಕುದುರೆಗಳು ವಿಮಾನವೇರಿ ತಮ್ಮ ಪೂರ್ವಿಕರ ನಾಡನ್ನು ಸೇರಿದವು. ಇಂದು ಅವುಗಳ ಸಂತತಿ ಅಲ್ಲಿ ಸ್ವತಂತ್ರವಾಗಿ ವಿಹರಿಸುತ್ತಿದೆ.

2022ರಲ್ಲಿ ಯುದ್ಧದ ಕಾರ್ಮೋಡ ಅಸ್ಕಾನಿಯದ ಮೇಲೆ ಮತ್ತೊಮ್ಮೆ ಕವಿಯಿತು. ರಷ್ಯಾದ ಸೇನೆ ಆ ಪ್ರದೇಶವನ್ನು ಆಕ್ರಮಿಸಿತು. ಸಾಮ್ರಾಜ್ಯಗಳ ಏಳುಬೀಳುಗಳನ್ನು ಆ ಹುಲ್ಲುಗಾವಲು ಮೊದಲೂ ಕಂಡಿದೆ. ಫ್ರೆಡ್ರಿಕ್ ಕೂಡಿಸಿದ ಐಶ್ವರ್ಯ ಚದುರಿಹೋಯಿತು. ಅವನು ಉಳದೆ ಬಿಟ್ಟ ನೆಲ ಮಾತ್ರ ಅವನ ಹೆಸರನ್ನು ಉಳಿಸಿದೆ. ಮನುಷ್ಯನು ಬೆಳೆದುದರಿಂದ ಮಾತ್ರವಲ್ಲ, ಬಾಳಗೊಟ್ಟುದರಿಂದಲೂ ದೊಡ್ಡವನಾಗುತ್ತಾನೆ ಎಂಬುದಕ್ಕೆ ಅವನ ಜೀವನವೇ ನಿದರ್ಶನ.