ಇಂಗಾಲದ ಕೊಳವೆಗಳೂ ಬೆಂಗಳೂರಿನ ಒಂದು ಕುಲುಮೆಯೂ

ವಜ್ರವೂ ಪೆನ್ಸಿಲಿನೊಳಗಿನ ಗ್ರಾಫೈಟೂ ಇಂಗಾಲವೆಂಬ ಒಂದೇ ಮೂಲವಸ್ತುವಿನಿಂದಾದುವೆಂದು ನೀವು ಶಾಲೆಯಲ್ಲಿ ಕಲಿತಿರುವಿರಷ್ಟೆ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನೆರೆಯ ನಾಲ್ಕರೊಡನೆ ಬಂಧಿತವಾಗಿ ಎಲ್ಲ ದಿಕ್ಕಿಗೂ ದೃಢವಾಗಿ ನಿಲ್ಲುವುದು. ಗ್ರಾಫೈಟಿನಲ್ಲಿಯಾದರೋ ಮೂರರೊಡನೆ ಮಾತ್ರ ಕೂಡಿ, ಷಟ್ಕೋನಗಳ ಹಾಳೆಯಾಗಿ, ಹಾಳೆಯ ಮೇಲೊಂದು ಹಾಳೆ ಸಡಿಲವಾಗಿ ಪೇರಿಕೊಂಡಿರುವುದು. 1985ರಲ್ಲಿ ಅರುವತ್ತು ಪರಮಾಣುಗಳ ಗೋಲಾಕಾರದ ಫುಲ್ಲರೀನ್ ದೊರೆಯಿತು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು, ಆ ಹಾಳೆಯೇ ಸುರುಳಿಗೊಂಡಂತಿರುವ ನ್ಯಾನೊಕೊಳವೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದರು. ಮೀಟರೊಂದನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೊಮೀಟರೆಂದು ಹೆಸರು. ಇವುಗಳ ಅಡ್ಡಳತೆ ಅಂಥ ಕೆಲವೇ ಪಾಲುಗಳಷ್ಟು.

ಇವನ್ನು ಬೆಳೆಸುವ ವಿದ್ಯೆಗೆ ನಮ್ಮ ಬೆಂಗಳೂರಿನಿಂದ ಸಂದ ಕಾಣಿಕೆ ಸಣ್ಣದಲ್ಲ. ಅದನ್ನು ಸಲ್ಲಿಸಿದವರು ಪ್ರೊಫೆಸರ್ ಸಿ. ಎನ್. ಆರ್. ರಾಯರು. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿ, ಹದಿನೇಳರ ಹರೆಯದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿ, ಕಾಶಿಯಲ್ಲಿಯೂ ಬಳಿಕ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗವನ್ನು ಪೂರೈಸಿದ ಅವರು, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ ಊರಿಗೆ ಹಿಂದಿರುಗಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವು 1989ರಲ್ಲಿ ಅವರಿಂದಲೇ ಸ್ಥಾಪಿತವಾಯಿತು. 2014ರಲ್ಲಿ ಭಾರತರತ್ನವು ಅವರಿಗೆ ಪ್ರದಾನವಾಯಿತು. ಪ್ರಶಸ್ತಿಗಳ ಪಟ್ಟಿ ದೀರ್ಘವಾದುದು. ನನಗಾದರೋ ಅವುಗಳಿಗಿಂತ ಅವರ ಕುಲುಮೆಯ ವೃತ್ತಾಂತವೇ ಹೆಚ್ಚು ರಮ್ಯವಾಗಿ ತೋರುವುದು.

ನ್ಯಾನೊಕೊಳವೆ ಬೆಳೆಯಬೇಕಾದರೆ ಇಂಗಾಲವನ್ನೊದಗಿಸುವ ಆವಿಯೊಂದು ಬೇಕು. ಆ ಇಂಗಾಲವನ್ನು ಹೀರಿಕೊಂಡು ಕೊಳವೆಯಾಗಿ ಹೊರಚಾಚುವಂತೆ ಮಾಡುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಲೋಹದ ಕಣಗಳೂ ಬೇಕು. ಇವೆರಡನ್ನೂ ಬೇರೆಬೇರೆಯಾಗಿ ಹವಣಿಸುವ ಬದಲು ರಾಯರೂ ಅವರ ಸಹೋದ್ಯೋಗಿಗಳೂ ಫೆರೊಸೀನ್ ಎಂಬ ಕಿತ್ತಳೆ ಬಣ್ಣದ ಪುಡಿಯನ್ನು ಆರಿಸಿಕೊಂಡರು. ಇಂಗಾಲದ ಎರಡು ಪಂಚಕೋನದ ಉಂಗುರಗಳ ನಡುವೆ ಕಬ್ಬಿಣದ ಒಂದು ಪರಮಾಣು ಕುಳಿತಿರುವುದೇ ಅದರ ಅಣುವಿನ ರಚನೆ. ಬೀಜವೂ ಗೊಬ್ಬರವೂ ಒಂದೇ ಪೊಟ್ಟಣದಲ್ಲಿದ್ದಂತೆ. ಆ ಪುಡಿಯನ್ನು ಸ್ಫಟಿಕಶಿಲೆಯ ನಳಿಗೆಯೊಂದರಲ್ಲಿ ಹದವಾಗಿ ಕಾಯಿಸಿ ಆವಿಯಾಗಿಸಿ, ಅನಿಲದ ಪ್ರವಾಹದೊಡನೆ ಅತ್ಯುಷ್ಣವಾದ ಮುಂದಿನ ಕುಲುಮೆಗೆ ಸಾಗಿಸಿದಾಗ, ಅಣುವು ಒಡೆದು ಕಬ್ಬಿಣವು ಕಣಗಳಾಗಿ ಕೂಡಿಕೊಂಡು, ಆ ಕಣಗಳಿಂದ ಕೊಳವೆಗಳು ಒಂದರ ಪಕ್ಕಕ್ಕೊಂದು ಒಂದೇ ದಿಕ್ಕಿಗೆ ಮುಖಮಾಡಿ ದಟ್ಟವಾಗಿ ಬೆಳೆದುವು. 1998ರ ಸುಮಾರಿಗೆ ಪ್ರಕಟವಾದ ಈ ವಿಧಾನದ ಸೊಗಸು ಯಂತ್ರದ ವೈಭವದಲ್ಲಿಲ್ಲ, ಸರಿಯಾದ ಅಣುವನ್ನು ಆರಿಸಿದ ವಿವೇಕದಲ್ಲಿದೆ.

ಎರಡು ವರ್ಷಗಳ ತರುವಾಯ, ಕಬ್ಬಿಣದ ಸ್ಥಾನದಲ್ಲಿ ನಿಕ್ಕಲ್ ಇರುವ ಅಂಥದೇ ಸಂಯುಕ್ತವನ್ನು ಗಂಧಕವುಳ್ಳ ಥಯೋಫೀನಿನೊಡನೆ ಕಾಯಿಸಿದಾಗ, ನೇರವಾದ ಕೊಳವೆಗಳಿಗೆ ಬದಲಾಗಿ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಕೊಳವೆಗಳು ವಿಪುಲವಾಗಿ ದೊರೆತುವು. ಆ ಕವಲಿನ ಸಂಧಿಯಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಹರಿದಷ್ಟು ಸುಲಭವಾಗಿ ಮತ್ತೊಂದು ದಿಕ್ಕಿಗೆ ಹರಿಯದೆಂದು ಅಳತೆಗಳು ತೋರಿಸಿದುವು. ನಿಮ್ಮ ಕೈಯಲ್ಲಿರುವ ಎಲೆಕ್ಟ್ರಾನಿಕ್ ಸಾಧನಗಳ ಡಯೋಡುಗಳು ಮಾಡುವ ಕೆಲಸವೂ ಅದೇ ಅಲ್ಲವೇ?

ಮುಂದೆ ಗ್ರಾಫೀನ್, ಎಂದರೆ ಗ್ರಾಫೈಟಿನ ಒಂಟಿ ಹಾಳೆ, ವಿಜ್ಞಾನಿಗಳ ಕುತೂಹಲವನ್ನು ಸೆಳೆದಾಗ, ರಾಯರು ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುಚ್ಚಾಪವನ್ನು ಹೊತ್ತಿಸಿ ಕೆಲವೇ ಪದರಗಳ ಗ್ರಾಫೀನನ್ನು ಪಡೆದರು. ಆ ಪಾತ್ರೆಗೆ ಅಮೋನಿಯವನ್ನೂ ಬೆರೆಸಿ ಹಾಳೆಯ ಇಂಗಾಲದ ನಡುವೆ ಅಲ್ಲಲ್ಲಿ ನೈಟ್ರೋಜನ್ನನ್ನು ಕೂರಿಸಿ ಅದರ ವಿದ್ಯುದ್ಗುಣವನ್ನು ಬದಲಿಸಿದರು. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು.